ಒಂದೂವರಿ ಆಣೆ

ರವಿವಾರ ನಸುಕಿನ್ಯಾಗ ಆರು ಮಂದಿ ನಾವು,
ಧಾರವಾಡದ ಹೊರಗ, ಅಂಟವಾಳಕೆರಿ ದಂಡಿಗೆ.
ಎಸ್ತರ್ ಸಿಸ್ಟರ್ ಕೈಯಾಗ ಚಾದ ಥರ್ಮಾಸು,
ಇಸ್ತ್ರಿ ಅಂಗಡಿ ಚಂಬಣ್ಣನ ಸೈಕಲ್ಲಿಗೆ ಸುಣ್ಣದ ಬಕೀಟು,
ಮಕ್ತುಮಸಾಬರ ಹೆಗಲಮ್ಯಾಲ ಸರಪಳಿ.
ಸರ್ವೇ ಆಫೀಸು ಗುಜರಿಗೆ ಒಗದದ್ದು,
ರಿಟೈರ್ ಆದ ದಿನ ಇವರು ಎತ್ತಿಕೊಂಡು ಬಂದು
ಎಣ್ಣಿ ಹಚ್ಚಿ ಇಟ್ಟದ್ದು.

"ಮೂವತ್ಮೂರು ಫೂಟಿಗೆ ಒಂದು ಸರಪಳಿ,
ಸರಪಳಿಗೆ ಹದಿನಾರು ಆಣೆ. ತಿಳೀತ?"
"ಆಣೆ ಅಂದ್ರ ರೊಕ್ಕ ಅಲ್ಲೇನ್ರಿ ಅಜ್ಜಾ?" ಕಾಲೇಜಿನ ನಿತೇಶ ಕೇಳತಾನ.
"ನೆಲಾನೂ ಈಗ ರೊಕ್ಕಾನ ಆಗೇತಲ್ಲೊ. ತುದಿ ಹಿಡಿ."

ನಕಾಶಿ ಅರಿವಿಗೆ ಅಂಟಿಸಿದ್ದು, ಮಡಚಿದಲ್ಲೆಲ್ಲ ಹರದೈತಿ.
ಅದರಾಗ ಕೆರಿ, ತೊಟ್ಟು ಸಹಿತ ಮಾವಿನಕಾಯಿ.
ಎದುರಿಗೆ ನೋಡಿದ್ರ
ಉಪ್ಪಿನಕಾಯಿ ಭರಣಿಯ ತಳದಾಗ ಉಳದ ಒಂದು ಹೋಳು.
ರಾತ್ರಿ ಟಿಪ್ಪರ್ ಬರತಾವ:
ಕೆಡವಿದ ಮನಿಗಳ ಇಟ್ಟಂಗಿ, ಸಂಡಾಸದ ಬಿಳೇ ಚೂರು.
ಮುಂಜಾನೆ ನೀರು ಒಂದು ಮಾರು ಹಿಂದ ಸರದಿರತೈತಿ,
ಯಾರಿಗೂ ಏನೂ ಅನ್ನದ.

ಬಾಂದಗಲ್ಲು ಹನ್ನೊಂದು ಅಂತೈತಿ ನಕಾಶಿ.
ಮೂರು ಜಾಲಿ ಮುಳ್ಳಿನ ಬುಡಕ ಸಿಕ್ಕವು.
ಒಂದರ ಮ್ಯಾಲ ಅರಿವಿ ಒಗೀತಾರ.
ಒಂದಕ್ಕ ಕಣ್ಣು ಬಂದಾವ, ಕುಂಕುಮ ಬಂದೈತಿ.
"ಯವ್ವಾ, ಇದು ಕೆರಿ ಕಲ್ಲು" ಅಂದ್ರ
ದೀಪ ಹಚ್ಚೂ ಮುದುಕಿ ತಿರುಗಿ ನೋಡಲಿಲ್ಲ:
"ಇರಲೇಳು. ದೇವರ ಕೆಲಸಾನ ಮಾಡೇತಿ,
ಜಾಗಾ ಬಿಟ್ಟಿಲ್ಲ."

ಆರನೇದು ತೋರಿಸಿದ್ದು ಗೌಳೇರ ಧೋಂಡಿಬಾನ ಎಮ್ಮಿ.
ಈಗ ಸಪಾಟ ಇರೂ ಆ ಜಾಗಾದಾಗ
ಇನ್ನೂ ಇಳಕಲ ಐತಿ ಅನ್ನೂಹಂಗ
ಮುಂಗಾಲು ಸಾವಕಾಶ ಇಡತಾವ.
ಅಲ್ಲೇ ಅಗದ್ವಿ. ಎರಡು ಮೊಳದ ಕೆಳಗ, ಕಲ್ಲು.

ಏಳರಿಂದ ಎಂಟಕ್ಕ ಸರಪಳಿ ಎಳದ್ವಿ.
ರಸ್ತೆ ದಾಟಿತು, ಗಟಾರ ದಾಟಿತು,
ಹಸಿರು ಬಣ್ಣದ ಒಂದು ಗ್ವಾಡಿಗೆ ಹೋಗಿ ನಿಂತಿತು.
ಗ್ವಾಡಿ ತುಂಬ ಹಾಗಲಬಳ್ಳಿ.
ಬಳ್ಳಿ ನಾನ ಹಬ್ಬಿಸಿದ್ದು.
ಬಣ್ಣ ನಾನ ಆರಿಸಿದ್ದು.

ಮಕ್ತುಮಸಾಬರು ಚಾಳೀಸು ತಗದು
ಅಂಗಿ ಚುಂಗಿನಿಂದ ಬಾಳ ಹೊತ್ತು ಒರಸಿದರು.
"ಸರಪಳಿ ಹಳೇದ್ರೀ ಟೀಚರ್, ಕೊಂಡಿ ಸವದಿರತಾವ.
ಮತ್ತೊಮ್ಮೆ ಅಳಿಯೂಣೇನು?"

ಒತ್ತುವರಿ, ಒತ್ತುವರಿ ಅಂತ
ಕಾರ್ಪೋರೇಶನ್ನಿಗೆ ಹದಿನಾಲ್ಕು ಅರ್ಜಿ ಬರದಾಕಿ ನಾನು,
ದುಂಡನ ಅಕ್ಷರದಾಗ, ಮಾರ್ಜಿನ್ ಬಿಟ್ಟು.
ಗೇಟು ತಗದು ಕರದೆ. ಎಲ್ಲಾರೂ ಚಪ್ಪಲಿ ಬಿಟ್ಟು ಬಂದರು,
ಅದ್ಯಾಕೋ.
ನಳದ ಬಾಜೂಕ ಐತಲ್ಲ,
ಒಂಬತ್ತು ವರ್ಷ ನಾನು ಟೆಂಗಿನಕಾಯಿ ಒಡದ ಕಲ್ಲು,
ಅದರ ತಲಿಮ್ಯಾಲ ಉಳಿ ಹೊಡದ ಗೀರು.
ದಿನಾ ಕಂಡಿದ್ದೆ. ಕಾಯಿ ಜಾರಬಾರದಂತ
ಯಾರೋ ಮಾಡ್ಯಾರ ಅಂದುಕೊಂಡಿದ್ದೆ.

ಅಲ್ಲಿಂದ ಗ್ವಾಡಿಗೆ ಒಂದೂವರಿ ಆಣೆ.
ಮೂರು ಫೂಟಿನ ಮ್ಯಾಲ ಒಂದು ಬೆರಳು.

ಎಸ್ತರ್ ವಹಿಯಾಗ ಬರಕೊಂಡ್ಲು, ಪೆನ್ಸಿಲಿನ್ಯಾಗ.
ಉಳದವರ ಹೆಸರೆಲ್ಲ ಶಾಯಿಲೇ ಇದ್ದವು.
ಪೆನ್ನು ಇಸಕೊಂಡು ಅದರ ಮ್ಯಾಲ ತಿದ್ದಿದೆ,
ಒಂದನೇತ್ತಾ ಹುಡುಗರು ತಿದ್ದೂಹಂಗ.
ಚಂಬಣ್ಣ ಸುಣ್ಣ ಹಾಕಿದ. ಗೆರಿ
ತೊಳದ ಭಾಂಡೆಗಳ ನಡುವ ಹಾದುಹೋತು.

ಗ್ವಾಡಿ ಅರ್ಧ ಇಳಿಸೇವಿ. ಉಳದರ್ಧದ ಮಾತು
ಮನ್ಯಾಗ ಇನ್ನೂ ನಡದೈತಿ;
ನಡದೈತಿ ಅಂದ್ರ, ನಮ್ಮವರು ಮಾತು ಬಿಟ್ಟಾರ.
ಟಿಪ್ಪರ್ ನಿಂತಿಲ್ಲ. ಹದಿನೈದನೇ ಅರ್ಜಿ ಬರದೇನಿ,
ಮೊದಲನೇ ಸಾಲಿನ್ಯಾಗ ನಂದ ಹೆಸರು.

ನಿನ್ನೆ ಸಂಜೀಕ ಧೋಂಡಿಬಾನ ಒಂದು ಎಮ್ಮಿ
ಒಡದ ಕಡೆಯಿಂದ ಮೂತಿ ಹಾಕಿ
ನಳದ ಕೆಳಗಿನ ಹಸಿ ಮಣ್ಣು ಮೂಸಿತು.
ಮುಂಗಾಲು ಸಾವಕಾಶ ಇಟ್ಟಿತು.