ಮಡಗು, ತ್ಯಾಪೆ

ಮೈಸೂರಿನ ಹೆಬ್ಬಾಳ, ಪಿಸ್ಟನ್ ಕಾರ್ಖಾನೆಯ ಹಿಂದಿನ ಓಣಿ,
ಎರಡನೇ ಮಹಡಿಯಲ್ಲಿ ಕೂತು
ನಾನು ಬರೆಯುವುದು ಯಾರೂ ಪೂರ್ತಿ ಓದದ ಪುಸ್ತಕ:
ಒಂದು ಯಂತ್ರ ಇನ್ನೊಂದರ ಬಾಗಿಲು ತಟ್ಟುವಾಗ
ಏನೆಂದು ಕೂಗಬೇಕು, ಎಷ್ಟು ಸಲ,
ಒಳಗಿನಿಂದ ನಾನೂರ ನಾಲ್ಕು ಎಂದರೆ
ಆ ವಿಳಾಸದಲ್ಲಿ ಯಾರೂ ಇಲ್ಲವೆಂದು ತಿಳಿಯಬೇಕು.
ಎಪಿಐ ಅನ್ನುತ್ತಾರೆ. ಅಮ್ಮ ಕೇಳಿದರೆ
ಟೈಪಿಂಗ್ ಕೆಲಸ ಅಂತೀನಿ.

ಈ ಸಲ ಪಾಲಿಗೆ ಬಂದದ್ದು ಕಟ್ಟಡ ತಪಾಸಣೆಯ ಪಟ್ಟಿ.
ಪಾಯದಿಂದ ತಾರಸಿವರೆಗೆ ನೂರಾ ಹನ್ನೆರಡು ಪ್ರಶ್ನೆ,
ಒಂದೊಂದಕ್ಕೂ ಸರಿ, ತಪ್ಪು, ಅನ್ವಯಿಸದು.
ಕೊಟ್ಟ ಉತ್ತರ ಬದಲಿಸಲು ಎರಡು ದಾರಿ,
ಒಂದರ ಹೆಸರು ಪುಟ್, ಇನ್ನೊಂದು ಪ್ಯಾಚ್.
"ಕನ್ನಡದಲ್ಲೂ ಬೇಕು, ಸೈಟಿನವರು ಓದಲಿ" ಎಂದರು.

ಪುಟ್‌ಗೆ ಇಡು ಎಂದು ಬರೆದೆ. ಅಳಿಸಿದೆ.
ಸ್ಥಾಪಿಸು ಎಂದು ಬರೆದೆ, ವಿಗ್ರಹ ಎದ್ದು ನಿಂತಿತು.
ಶುಕ್ರವಾರ ಬಸ್ಸು ಹತ್ತಿ ಮಂಡ್ಯಕ್ಕೆ ಹೋದೆ,
ಗುತ್ತಲು ರಸ್ತೆಯಲ್ಲಿ ಏಳುತ್ತಿದ್ದ ಹುಡುಗಿಯರ ಹಾಸ್ಟೆಲಿಗೆ.

ಎಂಜಿನಿಯರ್ ಮುನೀರರ ಟ್ಯಾಬಿನ ಗಾಜು ಸೀಳಿತ್ತು,
ಸೀಳಿನೊಳಗೆಲ್ಲ ಸಿಮೆಂಟು.
"ನೀವು ಬರೆದದ್ದು ಓದಿದೆ" ಎಂದರು. ಹಿಗ್ಗಿದೆ.
"ಹದಿನೇಳನೇ ಪುಟದ ಉದಾಹರಣೆಯಲ್ಲಿ ಒಂದು ಕಾಮಾ ಜಾಸ್ತಿ.
ಹಾಗೇ ನಕಲು ಮಾಡಿ ನಮ್ಮ ಹುಡುಗ ಎರಡು ದಿನ ಒದ್ದಾಡಿದ."

ಅಷ್ಟರಲ್ಲಿ ನಿಂಗರಾಜು ಮೇಸ್ತ್ರಿ ಕೂಗಿದ:
"ಆ ಬಾಂಡ್ಲಿ ಇಲ್ಲಿ ಮಡಗಮ್ಮಿ!"
ಖಾಲಿಯದು ಎದ್ದು ಹೋಯಿತು, ತುಂಬಿದ್ದು ಅದೇ ಜಾಗದಲ್ಲಿ ಕೂತಿತು,
ಇಡಿಯಾಗಿ.
ಮಡಗು.
ಮೂರು ವಾರ ಹುಡುಕಿದ ಕ್ರಿಯಾಪದ
ಧೂಳೆಬ್ಬಿಸಿ ನೆಲಕ್ಕಿಳಿಯಿತು.

ಪ್ಯಾಚಿಗೆ ಹುಡುಕಬೇಕಾಗಲಿಲ್ಲ.
ಮೂರನೇ ಕಂಬದ ಮೊಣಕಾಲಲ್ಲಿ ಜಲ್ಲಿ ಹಲ್ಲು ಕಿರಿದಿತ್ತು,
ಜೇನುಗೂಡು ಅನ್ನುತ್ತಾರೆ, ಜೇನಿಲ್ಲದ್ದು.
ವೈಬ್ರೇಟರ್ ಕೆಟ್ಟ ಸಂಜೆ ಸುರಿದ ಕಾಂಕ್ರೀಟಂತೆ.
ಕರಣೆಯಲ್ಲಿ ಎರಡು ಸಲ ಸವರಿ, ಕೈ ಒರೆಸಿಕೊಂಡು ಮೇಸ್ತ್ರಿ:
"ತ್ಯಾಪೆ ಹಾಕಿವ್ನಿ, ಸರಿ ಅಂತ ಒತ್ತಿ ಸಾ."

ಮುನೀರ್ ಒತ್ತಿದರು.
ಒಳಗಿನಿಂದ ಇನ್ನೂರು ಎಂದು ಬಂತು. ಯಶಸ್ವಿ.
ಆ ಇನ್ನೂರು ಕಂಬದ ಮಾತಲ್ಲ,
ಕಾಗದ ತಲುಪಿತು ಎಂಬಷ್ಟೇ.
ಇದನ್ನು ನಾನು ಎಲ್ಲೂ ಬರೆದಿರಲಿಲ್ಲ.

ಪೈಪು ಹಿಡಿದು ಕಂಬಗಳಿಗೆ ನೀರುಣಿಸುವ ಹೊಂಬಾಳಮ್ಮ
ಗೋಣಿಚೀಲ ಸರಿಸಿ ತೋರಿಸಿದಳು:
ಪ್ರತಿ ಕಂಬಕ್ಕೂ ಇದ್ದಿಲಿನ ಗೀರು, ದಿನಕ್ಕೊಂದು.
ಏಳನೆಯದರ ಜಾಗದಲ್ಲಿ ಸೊನ್ನೆ.
"ಅವತ್ತು ಮೋಟ್ರು ಸುಟ್ಟೋಗಿತ್ತು, ನೀರು ಬಿಟ್ಟಿಲ್ಲ.
ಮಾರ್ನೇ ದಿನ ಎಲ್ಡ್ ಸರ್ತಿ ಬಿಟ್ಟೆ, ಅದ್ಕೆ ಜೋಡಿ ಗೀರು."
ಸೊನ್ನೆ ಅಳಿಸಬಹುದಿತ್ತಲ್ಲ ಎಂದೆ.
ಪೈಪಿನ ಬಾಯಿ ಹೆಬ್ಬೆರಳಲ್ಲಿ ಒತ್ತಿ ನಗಾಡಿದಳು,
"ಬಿಟ್ಟಿಲ್ದೆ ಇದ್ದದ್ದು ಬಿಟ್ಟಂಗಾಯ್ತದಾ?"
ಚಪ್ಪಲಿ ನೆನೆಯಿತು.

ಸೋಮವಾರ ಶ್ರೀವತ್ಸನ ಮೇಜಿನ ಬಳಿ ನಿಂತೆ.
ಉತ್ತರ ಬದಲಾದಾಗ ಹಳೆಯ ಉತ್ತರ ಎಲ್ಲಿ ಹೋಗುತ್ತೆ?
"ಹೋಗುತ್ತೆ" ಎಂದ.
ಕಾರಣದ ಕಾಲಂ?
"ಐಚ್ಛಿಕ."
ಕಡ್ಡಾಯ ಮಾಡು.
"ಮುಂದಿನ ಆವೃತ್ತಿಗೆ ನೋಡೋಣ," ಹೆಡ್‌ಫೋನ್ ಏರಿಸಿದ.

ಅಲ್ಲಿಯವರೆಗೆ ನನ್ನ ಕೈಲಾಗುವುದು ಒಂದು ಟಿಪ್ಪಣಿ,
ಹಳದಿ ಚೌಕದೊಳಗೆ:
ಮಡಗಿದರೆ ಇಡೀ ಪಟ್ಟಿ ಹೊಸದು, ಹಳೆಯದು ಇರದು.
ತ್ಯಾಪೆ ಹಾಕಿದರೆ ಅಷ್ಟು ಮಾತ್ರ ಬದಲು.
ಎರಡರಲ್ಲೂ ಕಾರಣ ಬರೆಯಿರಿ, ಯಂತ್ರ ಕೇಳದಿದ್ದರೂ.
ಇನ್ನೂರು ಬಂದರೆ ಕಂಬವನ್ನು ಇನ್ನೊಮ್ಮೆ ತಟ್ಟಿ ನೋಡಿ.

ಕೊನೆಯ ಸಾಲು ತೆಗೆಸಿದರು, ತಾಂತ್ರಿಕವಲ್ಲವಂತೆ.

ಪುಸ್ತಕದ ಬೆನ್ನಿಗೆ ಬದಲಾವಣೆಗಳ ಪಟ್ಟಿಯೊಂದಿದೆ.
ಅದನ್ನು ಯಾರೂ ನೋಡುವುದಿಲ್ಲ, ತೆಗೆಸುವುದೂ ಇಲ್ಲ.
ಅಲ್ಲಿ ಸೇರಿಸಿದೆ:
ಪುಟ ಹದಿನೇಳು. ಅಲ್ಪವಿರಾಮ ಒಂದು ಹೆಚ್ಚಿತ್ತು, ತೆಗೆದಿದೆ.
ಮಂಡ್ಯದಲ್ಲಿ ಒಬ್ಬನಿಗೆ ಎರಡು ದಿನ ಹೋಯಿತು.
ಹಾಕಿದವಳು ನಾನೇ.