ದೀಮದ ಹಕ್ಕಿ

ಉಗಾದಿಗೆ ಇನ್ನೂ ಎಂಟು ದಿನ.
ಜ್ವಾಳ ಕೊಯ್ದ ಹೊಲದಾಗ ಕೂಳಿ ಚುಚ್ಚತಾವಂತ
ಅಪ್ಪನ ಹಳೇ ಬೂಟು ನನ್ನ ಕಾಲಿಗೆ,
ಒಳಗ ಅರಿವಿ ತುರುಕಿ.
ಕಪ್ಪತಗುಡ್ಡದ ಬೆನ್ನ ಮ್ಯಾಲೆ ಬೆಳಕಿಲ್ಲ.

ತಿರಕಪ್ಪ ಕಾಕಾ ಉರುಲು ಹೂಡಿದ,
ಕುದುರಿ ಬಾಲದ ಕೂದಲು, ಕಂಡೂ ಕಾಣಧಂಗ.
ನಡುವ ಪಂಜರದಾಗ ನಮ್ಮ ಕೌಜುಗ,
ನನ್ನ ಅಂಗೈಯಾಗಿನ ಗೆದ್ದಲು ತಿಂದು ಬೆಳೆದದ್ದು.
ಕೂಗು ಅಂದ್ರ ಕೂಗಲಿಲ್ಲ.

ಆಗ ಕೆಂಚವ್ವ ಆಯಿ
ಹಲ್ಲು ಬಿದ್ದ ಸಂದಿಯಾಗಿಂದ ಒಂದು ಸಿಳ್ಳು ಬಿಟ್ಟಳು.
ನಮ್ಮದು ಸಿಟ್ಟಿಗೆದ್ದು ಎದಿ ಉಬ್ಬಿಸಿ ಕೂಗಿತು.
ಬನ್ನಿಗಿಡದ ಆಚೆ ಇನ್ನೊಂದು ಕೂಗಿತು,
ಹೆಸರು ಹಿಡಿದು ಯಾರೋ ಕರೆಧಂಗ
ಓಡಿ ಬಂತು. ಹಾರಲಿಲ್ಲ. ಓಡಿ ಬಂತು.

ನಾ ಕೆಮ್ಮಿದೆ.
ಧೂಳಿಗೋ, ಬೇಕಂತಲೋ,
ಇವತ್ತಿಗೂ ಅಪ್ಪ ಕೇಳಿಲ್ಲ.
ಬಂದದ್ದು ಬಂದೇ ಬಿಟ್ಟಿತ್ತು.

ರಾತ್ರಿ ಏಳು ಮಂದಿಗೆ ಎರಡು ಹಕ್ಕಿ.
ಖಾರ ಹೆಚ್ಚಾತಂತ ಎಲ್ಲಾರೂ ಮೂಗು ಒರಸಿದರು.
ಆಯಿ ತನ್ನ ಪಾಲಿನ ತೊಡಿ
ನನ್ನ ರೊಟ್ಟಿ ಮ್ಯಾಲೆ ಇಟ್ಟಳು.
ತಿಂದೆ. ರುಚಿ ಇತ್ತು.

ಮುಂಜಾನೆ, ಜಂತಿಗೆ ತೂಗುಬಿಟ್ಟ ಪಂಜರದಾಗ
ಅದು ತಾನಾಗೇ ಕೂಗಿತು,
ಯಾರೂ ಸಿಳ್ಳು ಹಾಕದ.
ಕೂಗಿ, ಕುತ್ತಿಗಿ ಓರೆ ಮಾಡಿ ಕೇಳಿ,
ಮತ್ತ ಕೂಗಿತು.