ಪುಣ್ಯ ಕೋಸಿಗೆ

ಲೆಡ್‌ಬರಿಯ ಹೈಸ್ಟ್ರೀಟಿನಲ್ಲಿ, ಮರದ ಕಂಬಗಳ ಮೇಲೆ
ಕಾಲೂರಿ ನಿಂತ ಹಳೇ ಸಂತೆಕಟ್ಟಡದೆದುರು
ನಮ್ಮ ಹಲ್ಲಿನ ದವಾಖಾನೆ. ಮಂಗಳವಾರ ಒಂಬತ್ತಕ್ಕೆ
ಗ್ವಿಲಿಮ್ ಪ್ರೋಬರ್ಟ್, ಎಂಬತ್ತಮೂರು,
ಸೈಡರ್ ಗಿರಣಿಯಲ್ಲಿ ನಲವತ್ತು ವರ್ಷ ಸೇಬು ಅರೆದವನು,
ಕುರ್ಚಿಗೊರಗಿ ಬಾಯಿ ತೆರೆದ.

ತುದಿಗಳೆಲ್ಲ ಸವೆದು, ಬೆಳಕು ಹಾಯುವಷ್ಟು ತೆಳು,
ಬಚ್ಚಲಲ್ಲಿ ಮರೆತ ಸಾಬೂನಿನ ಬಿಲ್ಲೆಗಳ ಹಾಗೆ.
"ಬೆಳಿಗ್ಗೆ ಏನು ಕುಡೀತೀರಿ?"
ಕೋಟಿನ ಜೇಬಿಂದ ಚಪ್ಪಟೆ ಸೀಸೆ ತೆಗೆದ:
ಸೇಬಿನ ವಿನೆಗರ್, ಸ್ವಂತ ಪೀಪಾಯಿಯದು,
ತಳದಲ್ಲಿ ಮೋಡದಂಥ ಒಂದು ಮುದ್ದೆ.
"ಇದು ತಾಯಿ," ಎಂದ. ಇಲ್ಲಿ ಅದನ್ನು ಹಾಗೇ ಕರೆಯುತ್ತಾರೆ.
"ಎರಡು ಗುಟುಕು, ಖಾಲಿ ಹೊಟ್ಟೆಗೆ, ಮೂವತ್ತು ವರ್ಷದಿಂದ.
ಕಲ್ಲು ತಿಂದರೂ ಕರಗುತ್ತದೆ."

ಕಲ್ಲು ಗೊತ್ತಿಲ್ಲ, ಹಲ್ಲಂತೂ ಕರಗಿತ್ತು.

ಹೇಳಿದೆ, ಕನ್ನಡಿ ಹಿಡಿದ ಕೈ ಇಳಿಸದೆ:
ಪೋಷಣೆ ಎಂದು ಇದರಲ್ಲಿ ಹೇಳಿಕೊಳ್ಳುವಂಥದ್ದಿಲ್ಲ,
ಚಮಚಕ್ಕೆ ಸಿಗುವುದು ಸೇಬಿನ ನೆನಪು ಅಷ್ಟೆ.
ಜೀರ್ಣಕ್ಕೆ? ನಿಮ್ಮ ಹೊಟ್ಟೆಯೊಳಗೆ
ಇದರಪ್ಪನಂಥ ಹುಳಿ ತಾನಾಗಿಯೇ ಒಸರುತ್ತದೆ,
ಅಲ್ಲಿಗೆ ಇದನ್ನು ಸುರಿಯುವುದು ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ.
ಹಾಂ, ಬ್ರೆಡ್ಡು ಆಲೂಗಡ್ಡೆ ತಿಂದ ಮೇಲೆ ರಕ್ತದ ಸಕ್ಕರೆ
ಕೊಂಚ ನಿಧಾನವಾಗಿ ಏರೀತು. ಕೊಂಚ.
ಮಾತ್ರೆ ಬಿಡುವಷ್ಟಲ್ಲ.

ಅವನು ಸಿಟ್ಟಾಗಲಿಲ್ಲ; ಬಾಯಲ್ಲಿ ನನ್ನ ಹೀರುಗೊಳವೆ ಇತ್ತು.
ತೆಗೆದ ಮೇಲೆ ಕೇಳಿದ:
"ಹಾಗಾದರೆ ನಾನು ಇಷ್ಟು ಗಟ್ಟಿ ಹೇಗೆ?"

"ಮತ್ತೇನು ತಿನ್ನುತ್ತೀರಿ?"
"ಮಧ್ಯಾಹ್ನ ಕೆಂಪು ಕೋಸು, ಬಟ್ಟಲು ತುಂಬ, ಇದನ್ನೇ ಸುರಿದುಕೊಂಡು.
ಹುಳಿಯಿಲ್ಲದೆ ಅದನ್ನು ಯಾವ ಮನುಷ್ಯ ತಿಂದಾನು?
ಆಮೇಲೆ ದಿಬ್ಬ ಹತ್ತಿ ಇಳಿಯುತ್ತೇನೆ, ನಾಯಿ ಎಳೆದಷ್ಟು ದೂರ."

ಇಷ್ಟೇ. ಮೂವತ್ತು ವರ್ಷದ
ಪುಣ್ಯ ಕೋಸಿಗೆ, ಅಷ್ಟಿಷ್ಟು ನಾಯಿಗೆ;
ಹೆಸರು ಹುಳಿಗೆ.

ಲೋಟ ಬಿಡಿ, ಎಲೆಯ ಮೇಲೆ ಹಾಕಿಕೊಳ್ಳಿ,
ನೀರು ಮುಕ್ಕಳಿಸಿ, ಒಂದು ಗಂಟೆ ಬ್ರಷ್ ಮುಟ್ಟಬೇಡಿ
ಎಂದು ಚೀಟಿ ಬರೆದೆ. ಮಡಚಿ ಜೇಬಿಗಿಳಿಸಿ
ಸೀಸೆಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದ,
ಸೋತವನ ಹಾಗಲ್ಲ, ಮದುವೆಮನೆಯಲ್ಲಿ ಮುಯ್ಯಿ ಇಟ್ಟವನ ಹಾಗೆ.

ಸಂಜೆ ಅರ್ಧ ಸೀಸೆ ಕೆಟಲ್ಲಿಗೆ ಸುರಿದೆ.
ಗಡಸು ನೀರು ವರ್ಷಗಟ್ಟಲೆ ಕಟ್ಟಿದ ಬಿಳಿ ಪದರ
ಸುಂಯ್ಯೆಂದು ನೊರೆಯೆದ್ದು ಬಿಟ್ಟುಕೊಂಡಿತು.
ನಾಲಿಗೆಯಿಂದ ನನ್ನ ಹಲ್ಲು ತಡವಿ ನೋಡಿಕೊಂಡೆ.

ನಮ್ಮಲ್ಲೂ ಇದ್ದರು ಹುಳಿಯ ಭಕ್ತರು. ಸೋದರತ್ತೆ ಪದ್ಮಾಕ್ಷಿ
ಪುನರ್ಪುಳಿ ಸಾರು ಕುಡಿಸಿ ಊರಿನ ಪಿತ್ತವನ್ನೆಲ್ಲ ಇಳಿಸುತ್ತಿದ್ದಳು.
ಅವಳಿಗೆ ಚೀಟಿ ಬರೆಯುವ ಧೈರ್ಯ
ನನಗಿನ್ನೂ ಬಂದಿಲ್ಲ.

ತಳದ ತಾಯಿಯನ್ನು ಸಿಂಕಿಗೆ ಚೆಲ್ಲಲು ಕೈ ಬಾರದೆ
ಈರುಳ್ಳಿ ಹೆಚ್ಚಿ, ಉಪ್ಪು ಉದುರಿಸಿ, ನಾಲ್ಕು ಹನಿ ಚಿಮುಕಿಸಿ ತಿಂದೆ.
ಗುಣವೇನೋ ಕಾಣೆ.
ಎರಡನೇ ಸಲ ಬಡಿಸಿಕೊಂಡೆ.